ಗಿಡ ಬಲ್ಲವರಿಗೆ ಚಿಟ್ಟೆ ದೂರವಲ್ಲ

ಮಳೆ ಹಿಂದೆಗೆದಿದೆ. ಕೊಳೆ ಔಷಧಿ ಹೊಡೆಯುವ ಗಡಿಬಿಡಿ ಮುಗಿದು, ಕೊನೆ ಕೊಯ್ಲಿಗೆ ಇನ್ನೂ ಕೆಲವು ದಿನಗಳಿರುವ ಈ ಬಿಡುವಿನಲ್ಲಿ ತೋಟಕ್ಕೆ ಇಳಿದವರ ಕಣ್ಣಿಗೆ ಮೊದಲು ಬೀಳುವುದು ಚಿಟ್ಟೆಗಳು. ಬಾಳೆಯ ಸಾಲಿನ ಮೇಲೆ, ಧರೆಯ ಅಂಚಿನ ಹೂವಿನ ಮೇಲೆ, ಕೊಟ್ಟಿಗೆಯ ಗಂಜಲ ಹರಿಯುವಲ್ಲಿ, ಎಲ್ಲೆಂದರಲ್ಲಿ ಅವು. ನಮ್ಮ ಸೀಮೆಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ಪಾತರಗಿತ್ತಿ. ಹಕ್ಕಿಗಳಿಗೆ, ಮೀನುಗಳಿಗೆ, ಹಾವುಗಳಿಗೆ ಜಾತಿವಾರು ಹೆಸರಿಟ್ಟ ನಮ್ಮ ಹಿರಿಯರು ಚಿಟ್ಟೆಗಳ ಮಟ್ಟಿಗೆ ಜಿಪುಣತನ ತೋರಿಸಿದ್ದಾರೆ. ತಿನ್ನಲು ಬಾರದ, ಕಚ್ಚಲೂ ಬಾರದ ಜೀವಕ್ಕೆ ಬೇರೆ ಬೇರೆ ಹೆಸರು ಯಾಕೆಂದು ಬಿಟ್ಟಿರಬೇಕು.

ಹಾಗಾದರೆ ಬೆಳೆಗಾರನಿಗೆ ಇದರ ಗೊಡವೆ ಯಾಕೆ? "ಎಂತಕ್ಕೆ ಮಾರಾಯ್ರೇ, ಅಡಿಕೆ ದರ ನೋಡಿಕೊಂಡಿದ್ದರೆ ಸಾಲದೇ?" ಎಂದು ನಮ್ಮನ್ನು ಕೇಳಿದವರಿದ್ದಾರೆ. ಉತ್ತರವನ್ನು ಕಾಫಿ ಗಿಡದಿಂದಲೇ ಶುರು ಮಾಡೋಣ.

ಅಡಿಕೆಯ ನಡುವೆ ಕಾಫಿ ಹಾಕಿದವರಿಗೆ ಹಿಟ್ಟುತಿಗಣೆಯ ಪರಿಚಯ ಹೇಳಬೇಕಾಗಿಲ್ಲ. ಗೆಣ್ಣಿನಲ್ಲಿ, ಮೊಗ್ಗಿನ ಬುಡದಲ್ಲಿ, ಕಾಯಿ ಗೊಂಚಲಿನ ಒಳಗೆ ಬಿಳಿ ಹಿಟ್ಟು ಮೆತ್ತಿದಂತೆ ಕೂತು ರಸ ಹೀರುವ ಕೀಟ ಅದು. ಈ ಹಿಟ್ಟಿನ ನಡುವೆ ಒಮ್ಮೊಮ್ಮೆ ಸ್ವಲ್ಪ ದಪ್ಪನೆಯ, ನಿಧಾನವಾಗಿ ಸರಿಯುವ, ಅದೇ ಹಿಟ್ಟನ್ನು ಮೈಗೆ ಬಳಿದುಕೊಂಡ ಒಂದು ಹುಳು ಇರುತ್ತದೆ. ಅವಸರದಲ್ಲಿ ನೋಡಿದರೆ ಅದೂ ಒಂದು ದೊಡ್ಡ ತಿಗಣೆ ಎಂದೇ ತೋರುತ್ತದೆ. ನಿಜದಲ್ಲಿ ಅದು ಏಪ್‌ಫ್ಲೈ ಎಂಬ ಸಣ್ಣ ಬೂದು ಚಿಟ್ಟೆಯ ಮರಿಹುಳು. ಅದು ಎಲೆ ಮುಟ್ಟುವುದಿಲ್ಲ. ತಿಗಣೆಯನ್ನೇ ತಿಂದು ಬೆಳೆಯುತ್ತದೆ. ಬೆಳೆದ ಮೇಲೆ ಕಟ್ಟಿಕೊಳ್ಳುವ ಕೋಶವನ್ನು ಮೇಲಿನಿಂದ ನೋಡಿದರೆ ಪುಟ್ಟ ಮಂಗನ ಮುಖದಂತೆ ಕಾಣುತ್ತದೆ. ಆ ಇಂಗ್ಲಿಷ್ ಹೆಸರು ಬಂದದ್ದು ಅದರಿಂದಲೇ. ಚಿಟ್ಟೆ ಎಂದರೆ ಹೂವು, ಹುಳು ಎಂದರೆ ಎಲೆ ಎಂದು ತಿಳಿದವರಿಗೆ ಮಾಂಸಾಹಾರಿ ಚಿಟ್ಟೆಹುಳು ಇದೆಯೆಂದರೆ ನಂಬಲು ಕಷ್ಟ. ಆದರೆ ಇದು ನಮ್ಮ ತೋಟದಲ್ಲೇ ಸಂಬಳವಿಲ್ಲದೆ ಕೆಲಸ ಮಾಡುತ್ತಿರುವ ಆಳು. ತಿಗಣೆ ಕಂಡೊಡನೆ ಇಡೀ ಗಿಡಕ್ಕೆ ವಿಷ ಹೊಡೆದರೆ ಇದೂ ಅದರೊಂದಿಗೆ ಹೋಗುತ್ತದೆ. ಔಷಧಿ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆ ಹತ್ತು ಗೊಂಚಲನ್ನು ಭೂತಗನ್ನಡಿ ಹಿಡಿದು ನೋಡುವುದಕ್ಕೆ ಅರ್ಧ ತಾಸು ಸಾಕು.

ಇನ್ನೊಂದು ಬದಿಯನ್ನೂ ಹೇಳಬೇಕು. ಚಿಟ್ಟೆಗಳೆಲ್ಲ ನಮ್ಮ ನೆಂಟರಲ್ಲ. ಏಲಕ್ಕಿಯ ಹೂವು ಮತ್ತು ಎಳೆಕಾಯಿಯನ್ನು ಕೊರೆಯುವ ಹುಳುಗಳಲ್ಲಿ ಒಂದು, ತಿಳಿನೀಲಿ ಬಣ್ಣದ ಸಣ್ಣ ಚಿಟ್ಟೆಯದು. ಅದಕ್ಕೆ ಕಾರ್ಡಮಮ್ ಬ್ಲೂ ಎಂದೇ ಹೆಸರು. (ಏಲಕ್ಕಿಯ ಕಾಂಡ ಮತ್ತು ಕಾಯಿ ಎರಡನ್ನೂ ಕೊರೆದು ಹೆಚ್ಚು ನಷ್ಟ ಮಾಡುವ ಹುಳು ಬೇರೆ, ಅದು ಪತಂಗದ್ದು.) ಅಡಿಕೆ, ತೆಂಗು, ಬಗಿನೆ ಇವುಗಳ ಗರಿಯನ್ನು ಅಂಚಿನಿಂದ ತಿನ್ನುವ, ತಲೆಯ ಮೇಲೆ ಎರಡು ಕೊಂಬು, ಬಾಲದಲ್ಲಿ ಎರಡು ಮೊನೆ ಇರುವ ಹಸಿರು ಹುಳು ಪಾಮ್‌ಫ್ಲೈ ಚಿಟ್ಟೆಯದು. ಅಡಿಕೆ ತೋಟದ ಖಾಯಂ ನಿವಾಸಿ ಯಾವುದೆಂದು ಕೇಳಿದರೆ ನಾವು ಇದನ್ನೇ ಹೇಳುತ್ತೇವೆ. ತೋಟದ ನೆರಳಿನಲ್ಲಿ ಗಿಡದಿಂದ ಗಿಡಕ್ಕೆ ತುಸು ತುಸು ಹಾರಿ, ರೆಕ್ಕೆ ಮುಚ್ಚಿ, ಒಣ ಎಲೆಯಂತೆ ಕೂರುವ ಕಂದು ಚಿಟ್ಟೆ. ಅದರ ಹುಳು ನಾಲ್ಕು ಗರಿ ತಿಂದರೆ ಮರಕ್ಕೆ ಏನೂ ಆಗುವುದಿಲ್ಲ. ಇದಕ್ಕಾಗಿ ಔಷಧಿ ಹೊಡೆಯುವುದು ದಂಡದ ಖರ್ಚು. ಗರಿಯನ್ನು ಸುರುಳಿ ಸುತ್ತಿ ಒಳಗೆ ಕೂತ, ಮೈತುಂಬ ಬಿಳಿ ಮೇಣದ ಎಳೆಗಳನ್ನು ಹೊತ್ತ ದೊಡ್ಡ ಹುಳುವನ್ನು ಕಂಡು ಹೆದರಿದವರುಂಟು. ಅದು ಜೈಂಟ್ ರೆಡ್‌ಐ ಚಿಟ್ಟೆಯದು. ಚಿಟ್ಟೆಯ ಕಣ್ಣು ಕೆಂಪು, ಹಾರಾಟ ಮುಸ್ಸಂಜೆಯಲ್ಲಿ, ಆದ್ದರಿಂದ ಅದನ್ನು ಪತಂಗವೆಂದು ತಿಳಿಯುವವರೇ ಹೆಚ್ಚು. ಬಾಳೆ ಎಲೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಸುತ್ತಿಕೊಳ್ಳುವ ಹುಳುವೂ ಇದರ ದಾಯಾದಿ. ಊಟಕ್ಕೆ ಎಲೆ ಕೊಯ್ಯುವವರಿಗೆ ಅದು ಉಪದ್ರವ ನಿಜ. ಆದರೆ ಸುರುಳಿಗಳನ್ನು ಕೈಯಿಂದಲೇ ಕಿತ್ತು ನಾಶಮಾಡಬಹುದು.

ಮೇಲಿನ ಮಾತಿನಲ್ಲಿ ಒಂದು ಸಂಗತಿ ಓದುಗರ ಗಮನಕ್ಕೆ ಬಂದಿರಬಹುದು. ಪ್ರತಿ ಸಲವೂ ನಾವು ರೆಕ್ಕೆಯ ಬಣ್ಣಕ್ಕಿಂತ ಮುಂಚೆ ಗಿಡದ ಹೆಸರು ಹೇಳಿದ್ದೇವೆ. ಚಿಟ್ಟೆ ಗುರುತಿಸುವ ಹವ್ಯಾಸಕ್ಕೆ ಇಳಿಯುವವರು ಸಾಮಾನ್ಯವಾಗಿ ಬಣ್ಣದ ಚಿತ್ರಗಳ ಪುಸ್ತಕ ಹಿಡಿದು ಹೊರಡುತ್ತಾರೆ. ಚಿಟ್ಟೆ ಕೂರುವುದಿಲ್ಲ, ಕೂತರೂ ರೆಕ್ಕೆ ಬಿಡಿಸುವುದಿಲ್ಲ, ವಾರದಲ್ಲಿ ಬೇಸರ ಬಂದು ಪುಸ್ತಕ ಅಟ್ಟ ಸೇರುತ್ತದೆ. ಬೆಳೆಗಾರನಾದವನು ಆ ದಾರಿ ಹಿಡಿಯಬೇಕಾಗಿಲ್ಲ. ಬಹುಪಾಲು ಚಿಟ್ಟೆಗಳ ಹುಳು ಒಂದೋ ಎರಡೋ ಜಾತಿಯ, ಇಲ್ಲವೇ ಒಂದೇ ಕುಟುಂಬದ ಗಿಡಗಳನ್ನು ಬಿಟ್ಟು ಬೇರೆ ತಿನ್ನುವುದಿಲ್ಲ. ತಾಯಿ ಚಿಟ್ಟೆ ಆ ಗಿಡವನ್ನು ಹುಡುಕಿಕೊಂಡು ಬಂದೇ ಬರಬೇಕು. ಗಿಡ ಗೊತ್ತಿದ್ದರೆ ಅದರ ಬುಡದಲ್ಲಿ ನಿಂತು ಕಾದರಾಯಿತು.

ಈ ಕ್ರಮ ಬೆಳೆದು ಬಂದದ್ದೂ ನಮ್ಮ ಜಿಲ್ಲೆಯಲ್ಲೇ ಎಂಬುದು ನಮ್ಮವರಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಮೂವರು ಅಧಿಕಾರಿಗಳಿದ್ದರು. ಜೇಮ್ಸ್ ಡೇವಿಡ್‌ಸನ್ ಜಿಲ್ಲೆಯ ಕಲೆಕ್ಟರು. ಇ. ಎಚ್. ಏಟ್ಕನ್ ಉಪ್ಪು ಮತ್ತು ಸುಂಕದ ಇಲಾಖೆಯವರು. ೧೮೮೩ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸ್ಥಾಪಕರಲ್ಲಿ ಒಬ್ಬರು. ಟಿ. ಆರ್. ಬೆಲ್ ಅರಣ್ಯ ಇಲಾಖೆಯವರು. ೧೮೬೩ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದವರು. ಮೂವರಿಗೂ ಚಿಟ್ಟೆ ಹೊಟ್ಟೆಪಾಡಾಗಿರಲಿಲ್ಲ, ಶುದ್ಧ ಹವ್ಯಾಸ. ಆ ಕಾಲದಲ್ಲಿ ಚಿಟ್ಟೆಯ ಅಭ್ಯಾಸವೆಂದರೆ ಹೆಚ್ಚಾಗಿ ಬಲೆ ಬೀಸಿ ಹಿಡಿದು, ಸೂಜಿ ಚುಚ್ಚಿ, ಗಾಜಿನ ಪೆಟ್ಟಿಗೆಯಲ್ಲಿ ಇಡುವುದು. ಇವರು ಅಷ್ಟಕ್ಕೆ ನಿಲ್ಲದೆ ಹುಳುಗಳನ್ನು ಅವು ತಿನ್ನುವ ಸೊಪ್ಪಿನೊಂದಿಗೆ ಮನೆಗೆ ತಂದು ಸಾಕಿದರು. ಮೊಟ್ಟೆ ಹೇಗಿದೆ, ಹುಳು ಎಷ್ಟು ಸಲ ಪೊರೆ ಬಿಡುತ್ತದೆ, ಕೋಶ ಎಲ್ಲಿ ಕಟ್ಟುತ್ತದೆ, ಯಾವ ಗಿಡ ತಿನ್ನುತ್ತದೆ ಎಂಬುದನ್ನು ಬರೆದಿಟ್ಟರು. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಮೇಲೆ ಮೂವರೂ ಸೇರಿ ಬರೆದ ಲೇಖನಮಾಲೆ ೧೮೯೬ರಿಂದ ಆ ಸಂಸ್ಥೆಯ ಪತ್ರಿಕೆಯಲ್ಲಿ ಬಂತು. ಬೆಲ್ ಅವರು ಇದನ್ನು ಇನ್ನೂ ಮುಂದುವರಿಸಿ ಭಾರತದ ಬಯಲುಸೀಮೆಯ ಸಾಮಾನ್ಯ ಚಿಟ್ಟೆಗಳ ಬಗ್ಗೆ ೧೯೦೯ರಿಂದ ಹಲವು ವರ್ಷ ಬರೆದರು. ೧೯೨೦ರಲ್ಲಿ ನಿವೃತ್ತರಾದ ಮೇಲೆ ಊರಿಗೆ ಮರಳದೆ ಕಾರವಾರದಲ್ಲೇ ನೆಲೆಸಿದರು, ತೀರಿಕೊಂಡದ್ದು ೧೯೪೮ರಲ್ಲಿ. ಇಂದಿಗೂ ಭಾರತದ ಚಿಟ್ಟೆಗಳ ಪುಸ್ತಕ ತೆರೆದು ಹುಳುವಿನ ಆಹಾರ ಸಸ್ಯ ಯಾವುದೆಂದು ನೋಡಿದರೆ, ಎಷ್ಟೋ ಕಡೆ ಆ ಮಾಹಿತಿಯ ಮೂಲ ಈ ಮೂವರು ನಮ್ಮ ಘಟ್ಟದಲ್ಲಿ ಮಾಡಿಕೊಂಡ ಟಿಪ್ಪಣಿಯೇ ಆಗಿರುತ್ತದೆ.

ಸಾಹೇಬರುಗಳು ಹೊರಗಿನಿಂದ ಬಂದು ಗಿಡಗಳನ್ನು ಒಂದೊಂದಾಗಿ ಕಲಿಯಬೇಕಾಯಿತು. ನಮ್ಮವರು ಅದನ್ನು ಸೊಪ್ಪು ಹೊರುವ ವಯಸ್ಸಿನಲ್ಲೇ ಕಲಿತಿರುತ್ತಾರೆ. ಘಟ್ಟದ ಮೇಲೆ ಎಕರೆ ತೋಟಕ್ಕೆ ೯ ಎಕರೆಯವರೆಗೆ ಸೊಪ್ಪಿನಬೆಟ್ಟ ಬಿಟ್ಟುಕೊಟ್ಟ ವ್ಯವಸ್ಥೆ ನಮ್ಮದು. ಆ ಬೆಟ್ಟದಲ್ಲಿ ಯಾವ ಮರ ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಹಿರಿಯರು ದೊಡ್ಮನೆ ಸುತ್ತಿನ ಊರೂರಲ್ಲೂ ಇದ್ದಾರೆ. ಅರ್ಧ ವಿದ್ಯೆ ಮನೆಯಲ್ಲೇ ಇದೆ.

ಜುಮ್ಮನ ಮರವನ್ನೇ ತೆಗೆದುಕೊಳ್ಳಿ. ಮೈತುಂಬ ಮುಳ್ಳಿರುವ, ಕರಾವಳಿಯವರು ಮೀನಿನ ಸಾರಿಗೆ ತೆಫಳ ಎಂದು ಹಾಕುವ ಕಾಯಿಯ ಮರ. ಮಲಬಾರ್ ಬ್ಯಾಂಡೆಡ್ ಪೀಕಾಕ್ ಎಂಬ, ಕಪ್ಪು ರೆಕ್ಕೆಯ ನಡುವೆ ನವಿಲುಗರಿಯ ನೀಲಿಹಸಿರಿನ ಅಗಲ ಪಟ್ಟೆ ಹೊತ್ತ ಚಿಟ್ಟೆಯ ಹುಳುವಿಗೆ ಈ ಮರದ ಎಲೆಯೇ ಊಟ. ಪಶ್ಚಿಮ ಘಟ್ಟದ ಹೊರಗೆ ಈ ಚಿಟ್ಟೆ ಎಲ್ಲೂ ಇಲ್ಲ. ಮತ್ತಿ ಮರದಲ್ಲಿ ಚಗಳಿ ಇರುವೆಯ ಗೂಡು ಕಂಡರೆ ಸೊಪ್ಪು ಕಡಿಯುವವರು ದೂರ ಸರಿಯುತ್ತಾರೆ. ಚಿಟ್ಟೆ ನೋಡುವವರು ಹತ್ತಿರ ಹೋಗಬೇಕು. ಓಕ್‌ಬ್ಲೂ ಗುಂಪಿನ ಹುಳುಗಳು ಚಗಳಿಯ ಕಾವಲಿನಲ್ಲೇ ಬೆಳೆಯುತ್ತವೆ. ಹುಳು ಮೈಯಿಂದ ಸಿಹಿರಸ ಒಸರುತ್ತದೆ, ಇರುವೆ ಅದನ್ನು ನೆಕ್ಕಿ ಬದಲಿಗೆ ಶತ್ರುಗಳನ್ನು ಓಡಿಸುತ್ತದೆ. ಬೆಳ್ಳಟ್ಟಿಯ ಎಲೆಯ ತುದಿಯಲ್ಲಿ ನಡುನರವನ್ನು ಮಾತ್ರ ಉಳಿಸಿ, ಅದರ ಮೇಲೆ ಒಣಚೂರಿನ ಹಾಗೆ ಕೂತಿರುವುದು ಕಮಾಂಡರ್ ಚಿಟ್ಟೆಯ ಹುಳು. ಕಕ್ಕೆ ಮರಕ್ಕೆ ಹಳದಿ ಮಿಶ್ರ ಬಿಳಿಯ ಎಮಿಗ್ರಂಟ್, ಗುರಿಗೆ ಪೊದೆಗೆ ಬ್ಲೂ ಓಕ್‌ಲೀಫ್, ದಾಲ್ಚಿನ್ನಿಗೆ ಬ್ಲೂಬಾಟಲ್, ಸಂಪಿಗೆಗೆ ಜೇ, ಎಕ್ಕಕ್ಕೆ ಪ್ಲೇನ್ ಟೈಗರ್. ಹಿತ್ತಿಲಿನ ನಿಂಬೆ, ಕಂಚಿ, ಕರಿಬೇವುಗಳಿಗೆ ಬರುವವುಗಳ ಲೆಕ್ಕವೇ ಬೇರೆ.

ಬಂದಳಿಕೆಯ ವಿಷಯದಲ್ಲಿ ಮಾತ್ರ ಸ್ವಲ್ಪ ಇಕ್ಕಟ್ಟಿದೆ. ಮಾವಿನ ಮರ ಹಾಳುಮಾಡುವ ಅದನ್ನು ಕಡಿದು ಹಾಕಿ ಎಂದು ಎಲ್ಲರೂ ಹೇಳುತ್ತಾರೆ, ನಾವೂ ಹೇಳುತ್ತೇವೆ. ಆದರೆ ಹಳದಿ, ಕೆಂಪು, ಬಿಳಿ ಬಣ್ಣಗಳಲ್ಲಿ ಕನ್ನಡಿ ಚೂರು ಜೋಡಿಸಿದಂತೆ ಕಾಣುವ ಜೆಜೆಬೆಲ್ ಚಿಟ್ಟೆ ಮೊಟ್ಟೆಯಿಡುವುದು ಬಂದಳಿಕೆಯ ಮೇಲೆಯೇ. ಫಲದ ಮರದಲ್ಲಿ ಕಡಿಯಿರಿ, ಬೆಟ್ಟದ ಅಂಚಿನ ಕಾಟುಮರದಲ್ಲಿದ್ದರೆ ಬಿಡಿ ಎಂಬುದು ನಮ್ಮ ಸಲಹೆ.

ಹೆಚ್ಚು ಹೇಳಬೇಕಾದದ್ದು ಈಶ್ವರಿ ಬಳ್ಳಿಯ ಬಗ್ಗೆ. ಬೇಲಿಯಲ್ಲಿ, ಧರೆಯ ಮೇಲೆ, ಬೆಟ್ಟದ ಅಗಳದ ಬದಿಯಲ್ಲಿ ಹಬ್ಬುವ ಈ ಸಪೂರ ಬಳ್ಳಿಯನ್ನು ಹಾವಿನ ವಿಷಕ್ಕೆ ಮದ್ದೆಂದು ಹಿಂದಿನವರು ಕಾಪಾಡಿಕೊಂಡು ಬಂದಿದ್ದರು. ಇದರ ಎಲೆ ಬೇರುಗಳಲ್ಲಿರುವ ವಿಷ ಮೂತ್ರಪಿಂಡ ಹಾಳುಮಾಡುತ್ತದೆ, ಕ್ಯಾನ್ಸರಿಗೂ ಕಾರಣವಾಗುತ್ತದೆ ಎಂದು ಈಗ ಸಿದ್ಧವಾಗಿದೆ. ಆದ್ದರಿಂದ ಕಷಾಯ ಮಾಡಿ ಕುಡಿಯುವ ಪದ್ಧತಿ ಬೇಡವೇ ಬೇಡ. ಹಾವು ಕಚ್ಚಿದರೆ ಆಸ್ಪತ್ರೆಗೇ ಹೋಗಬೇಕು. ಆದರೆ ಅದೇ ವಿಷ ಕೆಲವು ಚಿಟ್ಟೆಗಳಿಗೆ ಕವಚ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಮತ್ತು ಸದರ್ನ್ ಬರ್ಡ್‌ವಿಂಗ್ ಚಿಟ್ಟೆಗಳ ಹುಳುಗಳು ಈಶ್ವರಿಯ ಎಲೆ ತಿಂದು ವಿಷವನ್ನು ಮೈಯಲ್ಲಿ ತುಂಬಿಕೊಳ್ಳುತ್ತವೆ. ಹಕ್ಕಿಗೆ ಇವು ರುಚಿಸುವುದಿಲ್ಲ. ಆ ಧೈರ್ಯದಲ್ಲೇ ಇವು ಅವಸರವಿಲ್ಲದೆ ಹಾರುವುದು.

ಬರ್ಡ್‌ವಿಂಗ್ ಎಂದರೆ ಕರ್ನಾಟಕದ ರಾಜ್ಯ ಚಿಟ್ಟೆ. ಮುಂದಿನ ರೆಕ್ಕೆ ಕಪ್ಪು, ಹಿಂದಿನ ರೆಕ್ಕೆ ಹೊಂಬಣ್ಣ. ರೆಕ್ಕೆ ಬಿಡಿಸಿದಾಗ ತುದಿಯಿಂದ ತುದಿಗೆ ೧೪ರಿಂದ ೧೯ ಸೆಂಟಿಮೀಟರ್. ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಪಟ್ಟ ಬಹುಕಾಲ ಇದಕ್ಕೇ ಇತ್ತು; ೨೦೨೦ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್‌ನ ಒಂದು ಹೆಣ್ಣು ೧೯.೪ ಸೆಂಟಿಮೀಟರ್ ಅಳತೆ ಕೊಟ್ಟು ನಾಲ್ಕು ಮಿಲಿಮೀಟರಿನಲ್ಲಿ ಗೆದ್ದಿತು. ನಮ್ಮಲ್ಲಿ ಅಡಿಕೆ ಮರದ ಚಂಡೆಯ ಎತ್ತರದಲ್ಲಿ ಇದು ತೇಲುತ್ತ ಹೋಗುವುದನ್ನು ಕೊನೆಗೌಡರು ಮರದ ಮೇಲಿನಿಂದ ನಮಗಿಂತ ಚೆನ್ನಾಗಿ ನೋಡಿರುತ್ತಾರೆ. ಇಷ್ಟು ದೊಡ್ಡ ಚಿಟ್ಟೆಯ ಬದುಕು ನಿಂತಿರುವುದು ಈಶ್ವರಿ ಬಳ್ಳಿ ಮತ್ತು ಅದೇ ಕುಟುಂಬದ, ಕಾನಿನ ನೆರಳಿನಲ್ಲಿ ಬೆಳೆಯುವ ಇನ್ನೊಂದು ಗಿಡದ ಮೇಲೆ. ಹಿಂದೆ ಕತ್ತಿ ಹಿಡಿದು ಬೇಲಿ ಸವರುವವನಿಗೆ ಈಶ್ವರಿ ಗೊತ್ತಿತ್ತು, ಕೈ ತಪ್ಪಿಸುತ್ತಿದ್ದ. ಈಗ ಕಳೆ ಕೊಚ್ಚುವ ಯಂತ್ರಕ್ಕೆ ಆ ವಿವೇಚನೆಯಿಲ್ಲ. ಧರೆಗೆ ಹೊಡೆಯುವ ಕಳೆನಾಶಕಕ್ಕಂತೂ ಇಲ್ಲವೇ ಇಲ್ಲ. ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ, ಆಳಿನ ಸಮಸ್ಯೆ ಎಲ್ಲರಿಗೂ ಗೊತ್ತು. ಯಂತ್ರ ಶುರುಮಾಡುವ ಮುಂಚೆ ಅಂಚಿನಲ್ಲಿ ಒಂದು ಸುತ್ತು ತಿರುಗಿ, ಈಶ್ವರಿ ಇರುವಲ್ಲಿ ಒಂದು ಗೂಟ ಹುಗಿದು ಬಟ್ಟೆ ಚೂರು ಕಟ್ಟಿದರೆ ಕೆಲಸದವರಿಗೆ ತಿಳಿಯುತ್ತದೆ. ಬೆಟ್ಟದ ಮಾತೂ ಇಷ್ಟೆ. ಒಂದೇ ಜಾತಿಯ ಮರ ತುಂಬಿದ ಬೆಟ್ಟದಲ್ಲಿ ಸೊಪ್ಪೂ ಒಂದೇ ಬಗೆ, ಚಿಟ್ಟೆಯೂ ಒಂದೆರಡೇ ಬಗೆ.

ಇನ್ನು ನೋಡುವ ಕ್ರಮ. ಮೊದಲು ಚಿಟ್ಟೆಯೋ ಪತಂಗವೋ ತಿಳಿಯಬೇಕು. ಚಿಟ್ಟೆಯ ಮೀಸೆಯ ತುದಿ ಬೆಂಕಿಕಡ್ಡಿಯ ತಲೆಯಂತೆ ಉಬ್ಬಿರುತ್ತದೆ. ಪತಂಗದ್ದು ಎಳೆಯಂತೆ ಅಥವಾ ಗರಿಯಂತೆ. ಮಳೆಗಾಲದ ರಾತ್ರಿ ಅಂಗಳದ ದೀಪಕ್ಕೆ ಬಂದು ಗೋಡೆಗೆ ಅಂಟಿ ಕೂರುವ ಮೊರದಗಲದ ಜೀವಿಯನ್ನು ದೊಡ್ಡ ಚಿಟ್ಟೆಯೆಂದು ಮಕ್ಕಳಿಗೆ ತೋರಿಸುತ್ತೇವೆ. ಅದು ಅಟ್ಲಾಸ್ ಪತಂಗ. ಅದಕ್ಕೆ ಉಣ್ಣುವ ಬಾಯೇ ಇಲ್ಲ. ಹುಳುವಾಗಿದ್ದಾಗ ತಿಂದ ಬಲದಲ್ಲಿ ಕೆಲವೇ ದಿನ ಬದುಕುತ್ತದೆ.

ಎರಡನೆಯದಾಗಿ ವೇಷಧಾರಿಗಳ ಮೇಲೆ ಕಣ್ಣಿಡಬೇಕು. ನಿಂಬೆ, ಕರಿಬೇವಿನಲ್ಲಿ ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯ ಹೆಣ್ಣುಗಳಲ್ಲಿ ಒಂದು ಬಗೆ ಕಾಮನ್ ರೋಸ್‌ನ ಹಾಗೆ, ಇನ್ನೊಂದು ಬಗೆ ಕ್ರಿಮ್ಸನ್ ರೋಸ್‌ನ ಹಾಗೆ, ಮತ್ತೊಂದು ತನ್ನ ಗಂಡಿನ ಹಾಗೆಯೇ ಇರುತ್ತದೆ. ವಿಷದ ಚಿಟ್ಟೆಯ ವೇಷ ಹಾಕಿ ಹಕ್ಕಿಯಿಂದ ಪಾರಾಗುವ ಉಪಾಯ. ರೆಕ್ಕೆ ನೋಡಿ ತೀರ್ಮಾನಿಸುವುದು ಕಷ್ಟ, ಮೈ ನೋಡಿ. ರೋಸ್‌ಗಳ ಮೈ ಕೆಂಪು, ಮಾರ್ಮನ್ ಮೈ ಕಪ್ಪು. ನಮ್ಮ ಅಡಿಕೆ ತೋಟದ ಪಾಮ್‌ಫ್ಲೈ ಹೆಣ್ಣು ಕೂಡ ಟೈಗರ್ ಚಿಟ್ಟೆಯ ಕೇಸರಿ 'ಸೀರೆ' ಉಟ್ಟೇ ತಿರುಗುತ್ತದೆ. ಕಾಲಕ್ಕೆ ತಕ್ಕಂತೆ ಬಟ್ಟೆ ಬದಲಿಸುವವೂ ಇವೆ. ಸಂಜೆ ಹೊತ್ತು ಕೊಳೆತ ಹಲಸಿನ ಹಣ್ಣಿಗೆ ಮುತ್ತುವ ಈವನಿಂಗ್ ಬ್ರೌನ್ ಮಳೆಗಾಲದಲ್ಲಿ ಹುಟ್ಟಿದರೆ ರೆಕ್ಕೆಯ ಅಡಿಯಲ್ಲಿ ಕಣ್ಣಿನಂಥ ಚುಕ್ಕೆಗಳ ಸಾಲು. ಬೇಸಿಗೆಯಲ್ಲಿ ಹುಟ್ಟಿದರೆ ಬರೀ ದರಕಿನ ಬಣ್ಣ.

ಇಂಗ್ಲಿಷ್ ಹೆಸರುಗಳಿಗೆ ಹೆದರಬೇಕಿಲ್ಲ. ಕಮಾಂಡರ್, ಸಾರ್ಜೆಂಟ್, ಬ್ಯಾರನ್, ನವಾಬ, ರಾಜ ಎಂದು ಪಟಾಲಮ್ಮಿನ ಮತ್ತು ದರಬಾರಿನ ಪದವಿಗಳನ್ನೆಲ್ಲ ಚಿಟ್ಟೆಗಳಿಗೆ ಹಂಚಿದ್ದಾರೆ, ಅಷ್ಟೆ. ಪಶ್ಚಿಮ ಘಟ್ಟದಲ್ಲಿ ೩೩೦ಕ್ಕೂ ಮಿಕ್ಕಿ ಜಾತಿಗಳಿವೆ. ಮನೆ ಸುತ್ತಿನ ಇಪ್ಪತ್ತು ಗೊತ್ತಾದರೆ ಉಳಿದದ್ದು ತಾನಾಗಿ ಬರುತ್ತದೆ. ಪುಸ್ತಕ ಬೇಕೆನ್ನುವವರು ಕೃಷ್ಣಮೇಘ್ ಕುಂಟೆಯವರ ೨೦೦೦ದ ಪುಸ್ತಕವನ್ನು ನೋಡಬಹುದು. ಅದು ದಕ್ಷಿಣ ಭಾರತದ ಚಿಟ್ಟೆಗಳಿಗೇ ಮೀಸಲು. ಐಸಾಕ್ ಕೆಹಿಮ್ಕರ್ ಅವರ ೨೦೦೮ರ ಪುಸ್ತಕ ಇಡೀ ದೇಶದ್ದು. ಬಲೆ ಮಾತ್ರ ಬೇಡ. ಹಲವು ಚಿಟ್ಟೆಗಳಿಗೆ ೧೯೭೨ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಕಿಸೆಯಲ್ಲಿರುವ ಮೊಬೈಲಿನಲ್ಲಿ ರೆಕ್ಕೆಯ ಮೇಲ್ಮೈ, ಕೆಳಮೈ ಎರಡರ ಚಿತ್ರವನ್ನೂ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಹಳ್ಳದ ಒದ್ದೆ ಮರಳಿನ ಮೇಲೆ, ಗಂಜಲ ನಿಂತಲ್ಲಿ ಗುಂಪುಗೂಡಿ ಉಪ್ಪಿನಂಶ ಹೀರುವಾಗ ಅವು ಸುಲಭಕ್ಕೆ ಏಳುವುದಿಲ್ಲ; ಆಗ ಚಿತ್ರ ತೆಗೆಯುವುದು ಸಲೀಸು. ಹಾಗೆ ಕೂತವು ಬಹುತೇಕ ಗಂಡುಗಳು.

ಶಾಲೆಗೆ ಹೋಗುವ ಮಕ್ಕಳಿದ್ದ ಮನೆಯಲ್ಲಿ ಲೈಮ್ ಚಿಟ್ಟೆಯ ಹುಳುವಿನಿಂದ ಶುರುಮಾಡುವುದು ಒಳ್ಳೆಯದು. ನಿಂಬೆಯ ಚಿಗುರಿನಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಕಪ್ಪು ಬಿಳುಪಿನ ಹುಳುವೇ ಇದು. ಬೆಳೆದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಔಷಧಿ ಸೋಕದ ಗಿಡದ ರೆಂಬೆಯೊಂದಿಗೆ ತಂದು, ಬಾಯಿಗೆ ತೆಳುಬಟ್ಟೆ ಕಟ್ಟಿದ ಅಗಲ ಡಬ್ಬಿಯಲ್ಲಿಟ್ಟು, ದಿನಕ್ಕೊಮ್ಮೆ ಹೊಸ ಎಲೆ ಹಾಕಿ ಹಿಕ್ಕೆ ತೆಗೆದರೆ ಸಾಕು. ಮೊಟ್ಟೆಯಿಂದ ಚಿಟ್ಟೆಯಾಗುವವರೆಗೆ ಹೆಚ್ಚುಕಡಿಮೆ ಒಂದು ತಿಂಗಳು. ಕೆಲವು ಸಲ ಕೋಶದಿಂದ ಚಿಟ್ಟೆಯ ಬದಲು ಸಣ್ಣ ಕಣಜ ಹೊರಬರುತ್ತದೆ. ಮಕ್ಕಳು ಅತ್ತಾರು, ಆದರೆ ನಿಮ್ಮ ನಿಂಬೆ ಗಿಡದಲ್ಲಿ ಎಲೆ ಉಳಿದಿರುವುದು ಆ ಕಣಜದಿಂದಲೇ ಎಂದು ಹೇಳಿ, ಅದನ್ನೂ ತಾರೀಕು ಹಾಕಿ ಬರೆದಿಡಲು ತಿಳಿಸಿ.

೨೦೨೦ರಿಂದ ದೇಶದ ಚಿಟ್ಟೆ ಆಸಕ್ತರು ಸೆಪ್ಟೆಂಬರ್ ತಿಂಗಳನ್ನು ಚಿಟ್ಟೆ ಮಾಸವೆಂದು ಎಣಿಕೆಗೆ ಬಳಸುತ್ತಿದ್ದಾರೆ. ನಮಗೆ ಆಗ ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ದೀಪಾವಳಿಯವರೆಗೂ ಮುಂದುವರಿಸಿದರೆ ಹೆಚ್ಚು ಸಿಗುತ್ತದೆ. ಸದಸ್ಯ ಬಂಧುಗಳು ಕಂಡದ್ದನ್ನು ಒಂದು ಕಾರ್ಡಿನಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿದರೆ ಈ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ಊರು, ತಾರೀಕು, ಹುಳು ತಿನ್ನುತ್ತಿದ್ದ ಗಿಡದ ಹೆಸರು ಇಷ್ಟಿದ್ದರೆ ಸಾಕು. ಗಿಡಕ್ಕೆ ನಿಮ್ಮ ಕೇರಿಯಲ್ಲಿ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ. ಯಲ್ಲಾಪುರದ ಕಡೆಯ ಹೆಸರು ಸಿದ್ದಾಪುರದವರಿಗೆ ಗೊತ್ತಿರುವುದಿಲ್ಲ. ಚಿಟ್ಟೆಯ ಹೆಸರು ತಿಳಿಯದಿದ್ದರೆ ಆ ಜಾಗ ಖಾಲಿ ಬಿಡಿ.